‘ದಿ ವ್ಯಾಂಪೈರ್ ಬ್ಯಾಟ್’ ರೀಲನ್ನು ಕೊಡಗಿನಲ್ಲಿ ತೋರಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

1933ರ ಈ ಕಪ್ಪು-ಬಿಳುಪು ಕೊಲೆ ರಹಸ್ಯ ಚಿತ್ರದ 16 ಎಂಎಂ (16 ಮಿಲಿಮೀಟರ್ ಅಗಲದ ಫಿಲ್ಮ್) ಪ್ರತಿಯನ್ನು ಮನೆಯಲ್ಲೋ ಕ್ಲಬ್ಬಿನಲ್ಲೋ ತೋಟದ ಅಂಗಳದಲ್ಲೋ ತೋರಿಸಬೇಕೆಂದಿರುವವರಿಗಾಗಿ ಈ ಪುಟ. ಅದೇ ಕಾಲದ ಬೇರೆ ಅಗ್ಗದ ಪತ್ತೇದಾರಿ ಚಿತ್ರಗಳ ರೀಲಿಗೂ ಇಲ್ಲಿನ ಹೆಚ್ಚಿನ ಮಾತು ಹೊಂದುತ್ತದೆ. ಕೊಲೆಗಾರ ಯಾರೆಂದು ಎಲ್ಲೂ ಬರೆದಿಲ್ಲ, ಧೈರ್ಯವಾಗಿ ಓದಬಹುದು.

ಚಿತ್ರದ ಕಥೆ ಏನು? ದೆವ್ವದ ಸಿನಿಮಾನಾ, ಪತ್ತೇದಾರಿಯಾ?

ವೇಷ ದೆವ್ವದ್ದು, ಒಳಗಿನ ಕಟ್ಟು ಪತ್ತೇದಾರಿಯದು. ಕ್ಲೈನ್‌ಶ್ಲಾಸ್ ಎಂಬ ಊರಿನಲ್ಲಿ ಜನ ಒಬ್ಬೊಬ್ಬರಾಗಿ, ಮೈಯಲ್ಲಿ ರಕ್ತವೇ ಇಲ್ಲದ ಸ್ಥಿತಿಯಲ್ಲಿ ಸತ್ತು ಬೀಳುತ್ತಾರೆ. ರಕ್ತ ಹೀರುವ ಪಿಶಾಚಿಯ ಕೆಲಸ ಎಂದು ಊರವರು ತೀರ್ಮಾನಿಸುತ್ತಾರೆ. ಪೊಲೀಸ್ ಅಧಿಕಾರಿ ಕಾರ್ಲ್ (ಮೆಲ್ವಿನ್ ಡಗ್ಲಸ್) ಮಾತ್ರ ಇದು ಮನುಷ್ಯರ ಕೈ ಎನ್ನುತ್ತಾನೆ. ಬಾವಲಿಗಳನ್ನು ಮುದ್ದು ಮಾಡುವ ಮುಗ್ಧ ಹರ್ಮನ್ (ಡ್ವೈಟ್ ಫ್ರೈ) ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಊರ ವೈದ್ಯನಾಗಿ ಲಯೊನೆಲ್ ಆಟ್‌ವಿಲ್, ಅವನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ರೂತ್ ಆಗಿ ಫೇ ರೇ. ನಿರ್ದೇಶನ ಫ್ರಾಂಕ್ ಸ್ಟ್ರೇಯರ್. ಅವಧಿ ಸುಮಾರು 63 ನಿಮಿಷ.

ಅಗ್ಗದ ಚಿತ್ರ ಅಂತೀರಿ, ಊರು, ಮಹಲು, ಗುಹೆ ಎಲ್ಲ ಭರ್ಜರಿಯಾಗಿದೆಯಲ್ಲ?

ಒಂದೂ ಅವರದಲ್ಲ. ತಯಾರಿಸಿದ ಮೆಜೆಸ್ಟಿಕ್ ಪಿಕ್ಚರ್ಸ್ ಸಣ್ಣ ಸಂಸ್ಥೆ. ಅದು ಯೂನಿವರ್ಸಲ್ ಸ್ಟುಡಿಯೋದಲ್ಲಿ ಆಗಲೇ ನಿಂತಿದ್ದ ಸೆಟ್‌ಗಳನ್ನು ಬಾಡಿಗೆಗೆ ಹಿಡಿಯಿತು. ಹಳ್ಳಿಯ ಬೀದಿ 1931ರ ‘ಫ್ರಾಂಕನ್‌ಸ್ಟೈನ್’ಗೆ ಬಳಸಿದ್ದು, ಮನೆಯ ಒಳಾಂಗಣ 1932ರ ‘ದಿ ಓಲ್ಡ್ ಡಾರ್ಕ್ ಹೌಸ್’ನದು, ಗುಹೆ ಲಾಸ್ ಏಂಜಲೀಸ್‌ನ ಬ್ರಾನ್ಸನ್ ಕಣಿವೆಯದು. ನಟರ ಆಯ್ಕೆಯಲ್ಲೂ ಇದೇ ಜಾಣತನ. ಆಟ್‌ವಿಲ್ ಮತ್ತು ಫೇ ರೇ ಜೋಡಿಯ ದೊಡ್ಡ ಬಣ್ಣದ ಚಿತ್ರವೊಂದನ್ನು ವಾರ್ನರ್ ಸಂಸ್ಥೆ ಫೆಬ್ರವರಿಯಲ್ಲಿ ಬಿಡುಗಡೆ ಮಾಡುವುದಿತ್ತು. ಅದರ ಪ್ರಚಾರದ ಗಾಳಿಯಲ್ಲೇ ಇವರು ಜನವರಿಯಲ್ಲಿ ತಮ್ಮದನ್ನು ತೂರಿಬಿಟ್ಟರು.

ದುಡ್ಡು ಉಳಿಸಿದ್ದು ಕಾಣುವುದು ಬೇರೆ ಕಡೆ. ಕೆಲವು ದೃಶ್ಯಗಳಲ್ಲಿ ಕ್ಯಾಮೆರಾ ಒಂದೇ ಕಡೆ ನಿಂತು ಉದ್ದಕ್ಕೆ ಮಾತು ಕೇಳುತ್ತದೆ, ಹತ್ತಿರದ ಮುಖಗಳು ಕಡಿಮೆ. ಸುಳಿವು ಒಂದೇ ಸಲ ಬಂದು ಹೋಗುತ್ತದೆ, ಮತ್ತೊಮ್ಮೆ ತೋರಿಸಿ ನೆನಪಿಸುವುದಿಲ್ಲ. ಆದ್ದರಿಂದಲೇ ಇಂಥ ಚಿತ್ರದಲ್ಲಿ ರೀಲಿನ ಸ್ಥಿತಿಗೆ ಇಷ್ಟು ಬೆಲೆ. ಹಾಡು ಕುಣಿತದ ಚಿತ್ರದಲ್ಲಿ ಒಂದು ಅಡಿ ಫಿಲ್ಮ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಒಂದು ಅಡಿ ಹೋದರೆ ಕೊನೆಯಲ್ಲಿ ಪ್ರೇಕ್ಷಕರು ‘ಇದು ಯಾವಾಗ ಹೇಳಿದರು?’ ಎಂದು ಕೇಳುತ್ತಾರೆ.

ನಮ್ಮ ಪ್ರತಿ ಪೂರ್ತಿ ಇದೆಯೇ ಎಂದು ತಿಳಿಯುವುದು ಹೇಗೆ?

ಉದ್ದ ಅಳೆಯಿರಿ. 16 ಎಂಎಂನಲ್ಲಿ ಒಂದು ಅಡಿಗೆ 40 ಫ್ರೇಮ್ (ಬಿಡಿ ಚಿತ್ರ), ಸೆಕೆಂಡಿಗೆ 24 ಫ್ರೇಮ್, ಅಂದರೆ ನಿಮಿಷಕ್ಕೆ 36 ಅಡಿ. 63 ನಿಮಿಷಕ್ಕೆ ಸುಮಾರು 2,270 ಅಡಿ ಬೇಕು. ಸಾಮಾನ್ಯವಾಗಿ 1,200 ಅಡಿಯ ಎರಡು ರೀಲುಗಳಲ್ಲಿ ಬರುತ್ತದೆ. ಎರಡೂ ಸೇರಿ 1,900 ಅಡಿ ಮಾತ್ರ ಇದ್ದರೆ ಹತ್ತು ನಿಮಿಷ ಮಾಯ. ಟಿವಿಗಾಗಿ ಕತ್ತರಿಸಿದ ಪ್ರತಿಗಳು ಹೀಗಿರುತ್ತವೆ. ಅಡಿ ಎಣಿಸುವ ಯಂತ್ರ ಇಲ್ಲದಿದ್ದರೆ ಒಮ್ಮೆ ಓಡಿಸಿ ಗಡಿಯಾರ ನೋಡುವುದೇ ಸರಿ, ಆದರೆ ಮುಂದಿನ ಪರೀಕ್ಷೆಗಳನ್ನೆಲ್ಲ ಮುಗಿಸಿದ ಮೇಲೆ.

ಡಬ್ಬಿಯ ಮೇಲೆ 1, 2 ಎಂದು ಬರೆದಿದೆ. ಅಷ್ಟು ಸಾಕಲ್ಲ?

ಸಾಲದು. ಡಬ್ಬಿ ಹೇಳುವುದು ಡಬ್ಬಿಯ ವಿಷಯ ಮಾತ್ರ. ಹಿಂದೆ ಯಾರೋ ತೋರಿಸಿ ತಿರುಗಿ ಸುತ್ತದೆ ಇಟ್ಟಿದ್ದರೆ ರೀಲಿನ ಹೊರಗಡೆ ಇರುವುದು ಕೊನೆಯ ದೃಶ್ಯ. ಎರಡನೇ ರೀಲು ಮೊದಲು ಹಾಕಿದಿರೋ, ಮೂವತ್ತು ನಿಮಿಷದಲ್ಲಿ ಕೊಲೆಗಾರ ಸಿಕ್ಕಿ ಕಥೆ ಮುಗಿದಿರುತ್ತದೆ. ಫಿಲ್ಮನ್ನು ಬೆಳಕಿಗೆ ಹಿಡಿದು ಹತ್ತಾರು ಫ್ರೇಮ್ ನೋಡಿ. ಶೀರ್ಷಿಕೆ ಸಿಕ್ಕಿದ ಕಡೆ ಆರು ಅಡಿ ಬಿಳಿ ಲೀಡರ್ (ಚಿತ್ರವಿಲ್ಲದ ಖಾಲಿ ಫಿಲ್ಮ್) ಅಂಟಿಸಿ ‘1, ತಲೆ’ ಎಂದು ಅಳಿಸದ ಮಾರ್ಕರ್‌ನಲ್ಲಿ ಬರೆಯಿರಿ. ಕೊನೆಗೂ ಅಷ್ಟೇ ಲೀಡರ್, ‘1, ಬಾಲ’ ಎಂದು. ಎರಡನೆಯದಕ್ಕೂ ಹಾಗೆಯೇ.

ನಡುವೆ ತುಂಡಾಗಿ ಅಂಟಿಸಿದ ಕಡೆ ಮಾತು ಮತ್ತು ಚಿತ್ರ ಬೇರೆ ಬೇರೆ ಜಾಗದಲ್ಲಿ ಹಾರುತ್ತವೆ. ಯಾಕೆ?

16 ಎಂಎಂ ಫಿಲ್ಮಿನಲ್ಲಿ ಒಂದು ಫ್ರೇಮಿನ ಧ್ವನಿ ಆ ಫ್ರೇಮಿನ ಪಕ್ಕದಲ್ಲಿ ಇರುವುದಿಲ್ಲ, 26 ಫ್ರೇಮ್ ಮುಂದೆ, ಅಂದರೆ ರೀಲಿನ ತಲೆಯ ಕಡೆಗೆ ಮುದ್ರಣವಾಗಿರುತ್ತದೆ. ಪ್ರೊಜೆಕ್ಟರಿನಲ್ಲಿ ಫಿಲ್ಮ್ ಮೊದಲು ಬೆಳಕಿನ ಗೇಟ್ ದಾಟಿ ಆಮೇಲೆ ಧ್ವನಿ ಓದುವ ಉರುಳೆಗೆ ಬರುವುದರಿಂದ ಎರಡೂ ಒಂದೇ ಹೊತ್ತಿಗೆ ಸೇರುತ್ತವೆ. ಹಾಗಾಗಿ ಹರಿದ ಜಾಗದಲ್ಲಿ ಹತ್ತು ಫ್ರೇಮ್ ಕತ್ತರಿಸಿದರೆ ಆ ಹತ್ತು ಚಿತ್ರಗಳ ಮಾತು ಉಳಿದಿರುತ್ತದೆ. ಹೋಗುವುದು ಅದರ ನಂತರ ಒಂದು ಸೆಕೆಂಡಿಗೆ ಬರುವ ಚಿತ್ರಗಳ ಮಾತು.

ಕೊಲೆ ರಹಸ್ಯದಲ್ಲಿ ಇದರ ಪರಿಣಾಮ ವಿಚಿತ್ರ. ಬಾಗಿಲು ತೆರೆಯುವ ಕೈ ಕಾಣುತ್ತಿರುವಾಗ ಫಿಲ್ಮ್ ಹರಿದಿತ್ತು ಎನ್ನಿ. ಕೈಯೂ ಹೋಯಿತು, ಒಳಗೆ ಬಂದವನು ಹೇಳಿದ ಹೆಸರೂ ಹೋಯಿತು. ಆದ್ದರಿಂದ ಹರಿದ ಕಡೆ ‘ಸ್ವಲ್ಪ ಜಾಸ್ತಿ ಕತ್ತರಿಸಿ ನೀಟಾಗಿ ಅಂಟಿಸೋಣ’ ಎಂಬ ಆಸೆ ಬೇಡ. ಫ್ರೇಮ್ ಪೂರ್ತಿ ಎರಡು ತುಂಡಾಗಿದ್ದರೂ ಎರಡನ್ನೂ ಸರಿಯಾಗಿ ಕೂಡಿಸಿ ಎರಡೂ ಬದಿಗೆ ಸ್ಪ್ಲೈಸಿಂಗ್ ಟೇಪ್ ಹಾಕಿ, ಒಂದೂ ಫ್ರೇಮ್ ಬಿಸಾಡಬೇಡಿ. ಬರೀ ತೂತು ಹರಿದಿದ್ದರೆ ತೂತಿರುವ ಟೇಪ್ ತುಂಡು ಅಂಟಿಸಿದರೆ ಸಾಕು.

ಸಾಮಾನ್ಯ ಸೆಲ್ಲೋಟೇಪ್ ಖಂಡಿತ ಬೇಡ. ಅದರ ಗೋಂದು ಹೊರಗೆ ಹರಿದು ಪಕ್ಕದ ಸುತ್ತುಗಳನ್ನೂ ಅಂಟಿಸಿಬಿಡುತ್ತದೆ. ಫಿಲ್ಮ್ ಸಿಮೆಂಟ್ (ಫಿಲ್ಮ್ ತುಂಡುಗಳನ್ನು ಕೂಡಿಸುವ ಅಂಟುದ್ರವ) ಬಳಸುವವರು ಮೊದಲು ರೀಲನ್ನು ಪಕ್ಕದಿಂದ ದೀಪಕ್ಕೆ ಹಿಡಿದು ನೋಡಬೇಕು. ಬೆಳಕು ಒಳಗಿಂದ ಹಾಯ್ದರೆ ಅದು ಪಾಲಿಯೆಸ್ಟರ್, ಸಿಮೆಂಟ್ ಹಿಡಿಯುವುದಿಲ್ಲ. ಕತ್ತಲಾಗಿ ಕಂಡರೆ ಅಸಿಟೇಟ್, ಹಿಡಿಯುತ್ತದೆ. ಹಳೆಯ ಪ್ರತಿಗಳು ಬಹುತೇಕ ಅಸಿಟೇಟ್.

ಡಬ್ಬಿ ತೆರೆದಾಗ ವಿನಿಗರ್ ವಾಸನೆ. ತೋರಿಸಬಹುದೇ?

ವಾಸನೆ ಬಂದಿತೆಂದರೆ ಅಸಿಟೇಟ್ ಕೊಳೆಯತೊಡಗಿದೆ, ಅದನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ, ನಿಧಾನಿಸಬಹುದಷ್ಟೆ. ತೋರಿಸುವ ಪ್ರಶ್ನೆಗೆ ಉತ್ತರ ಮೂಗಿನಲ್ಲಿಲ್ಲ, ಅಳತೆಯ ಟೇಪಿನಲ್ಲಿದೆ. ಮೇಜಿನ ಮೇಲೆ ಸ್ಟೀಲ್ ಟೇಪ್ ಚಾಚಿ, ಎಳೆಯದೆ ಫಿಲ್ಮನ್ನು ಅದರ ಪಕ್ಕ ಮಲಗಿಸಿ 100 ಫ್ರೇಮ್ ಅಳೆಯಿರಿ. ಹೊಸ ಫಿಲ್ಮಿನಲ್ಲಿ ಅದು 762 ಮಿಲಿಮೀಟರ್. 756ಕ್ಕಿಂತ ಹೆಚ್ಚಿದ್ದರೆ ಓಡಿಸಬಹುದು. 754ರಿಂದ 756ರ ನಡುವೆ ಇದ್ದರೆ ಅಪಾಯದ ಅಂಚು, ಒಳ್ಳೆಯ ಯಂತ್ರದಲ್ಲಿ ಒಂದೇ ಸಲ. ಅದಕ್ಕೂ ಕಡಿಮೆಯಾದರೆ ಶೇ 1ಕ್ಕಿಂತ ಹೆಚ್ಚು ಕುಗ್ಗಿದೆ ಎಂದರ್ಥ. ಹಲ್ಲುಚಕ್ರಕ್ಕೆ ತೂತು ಕೂರುವುದಿಲ್ಲ, ಉದ್ದಕ್ಕೆ ಹರಿದುಕೊಂಡು ಹೋಗುತ್ತದೆ. ಅಂಥದ್ದನ್ನು ಹಲ್ಲುಚಕ್ರವಿಲ್ಲದ ಸ್ಕ್ಯಾನರಿನಲ್ಲಿ ಡಿಜಿಟಲ್ ಮಾಡಿಸಿ. ತಲೆ, ನಡು, ಬಾಲ ಮೂರೂ ಕಡೆ ಅಳೆಯಬೇಕು, ಎಲ್ಲ ಕಡೆ ಒಂದೇ ಸಮ ಕುಗ್ಗಿರುವುದಿಲ್ಲ.

ವಾಸನೆ ಬರುವ ರೀಲನ್ನು ಬೇರೆಯವುಗಳ ಜೊತೆ ಇಡಬೇಡಿ. ತುಕ್ಕು ಹಿಡಿದ ತಗಡಿನ ಡಬ್ಬಿಯಿಂದ ಅದೇ ದಿನ ತೆಗೆಯಿರಿ, ತುಕ್ಕು ಕೊಳೆಯುವಿಕೆಯನ್ನು ಜೋರು ಮಾಡುತ್ತದೆ.

ಬೂಷ್ಟು ಹಿಡಿದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಲೇ?

ನೀರು ಮುಟ್ಟಿಸಬೇಡಿ. ಚಿತ್ರ ಕೂತಿರುವ ಜೆಲಟಿನ್ ಪದರವನ್ನೇ ಬೂಷ್ಟು ತಿನ್ನುವುದು. ತಿಂದ ಜಾಗ ನೀರಿನಲ್ಲಿ ಕರಗುತ್ತದೆ, ಒರೆಸಿದರೆ ಬೂಷ್ಟಿನ ಜೊತೆ ಮುಖವೂ ಬಂದುಬಿಡುತ್ತದೆ. ಮೊದಲು ಒಣಗಿದ ಕೋಣೆಯಲ್ಲಿ ಒಂದೆರಡು ವಾರ ತೆರೆದಿಟ್ಟು ಬೂಷ್ಟು ಪುಡಿಯಾಗಲು ಬಿಡಿ. ಆಮೇಲೆ ಮನೆಯ ಹೊರಗೆ, ಎನ್95 ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು, ನೂಲು ಬಿಡದ ಬಟ್ಟೆಗೆ ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ ಹಾಕಿ, ಫಿಲ್ಮನ್ನು ಅದರ ನಡುವೆ ಹಿಡಿದು ಕೈಯಿಂದ ನಿಧಾನಕ್ಕೆ ಸುತ್ತಿ. ಎರಡು ಮೂರು ಅಡಿಗೊಮ್ಮೆ ಬಟ್ಟೆಯ ಬೇರೆ ಭಾಗ ಹಿಡಿಯಬೇಕು, ಇಲ್ಲದಿದ್ದರೆ ಅದೇ ಕೊಳೆ ಗೀರು ಎಳೆಯುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಶೇ 70ರದ್ದು ಆಗದು, ಉಳಿದ ಶೇ 30 ನೀರೇ. ಹತ್ತಿರ ಬೆಂಕಿ, ಬೀಡಿ, ಒಲೆ ಇರಬಾರದು.

ಬಿಸಿಲಿಗೆ ಹಾಕುವುದೂ ಬೇಡ. ಕಾಫಿಯಂತೆ ಕಣದಲ್ಲಿ ಹರಡಿ ಒಣಗಿಸುವ ವಸ್ತುವಲ್ಲ ಇದು, ಸುರುಳಿ ಸುರುಳಿಯಾಗಿ ಕುಗ್ಗಿಬಿಡುತ್ತದೆ.

ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ಎಲ್ಲಿ ಇಡಬೇಕು? ಒಲೆ ಮೇಲಿನ ಅಟ್ಟ ಒಣಗಿರುತ್ತದಲ್ಲ?

ಅಟ್ಟ ಒಣಗಿರುತ್ತದೆ ನಿಜ, ಆದರೆ ಬಿಸಿ ಮತ್ತು ಹೊಗೆ ಎರಡೂ ಇರುತ್ತದೆ. ಬಿಸಿ ಹೆಚ್ಚಾದಷ್ಟೂ ಅಸಿಟೇಟ್ ಬೇಗ ಹುಳಿಯಾಗುತ್ತದೆ. ಮಡಿಕೇರಿ, ಭಾಗಮಂಡಲ ಕಡೆಯ ತಂಪು ಫಿಲ್ಮಿಗೆ ವರವೇ, ಕಾಡುವುದು ತೇವ. ತೇವಾಂಶ ಶೇ 65 ದಾಟಿದರೆ ಬೂಷ್ಟು ಏಳುತ್ತದೆ, ಮಳೆಗಾಲದ ಮನೆಯೊಳಗೆ ಅದು ಶೇ 90ರ ಹತ್ತಿರ ಇರುವುದುಂಟು. ಸಾಧ್ಯವಿದ್ದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ ಇರುವ ಕುಶಾಲನಗರದ ಕಡೆ ನೆಂಟರ ಮನೆಗೆ ಸಾಗಿಸುವುದೂ ಒಂದು ದಾರಿ.

ಮನೆಯಲ್ಲೇ ಇಡುವುದಾದರೆ ರಬ್ಬರ್ ಅಂಚಿನ ಬಿಗಿ ಮುಚ್ಚಳದ 20-25 ಲೀಟರ್ ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ ಬಟ್ಟೆ ಚೀಲದಲ್ಲಿ ಕಾಲು ಕಿಲೋ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಮುಳ್ಳು ಶೇ 35ರಿಂದ 50ರ ನಡುವೆ ಇರಲಿ. 50 ದಾಟಿದರೆ ಜೆಲ್ ತೆಗೆದು 120 ಡಿಗ್ರಿಯ ಓವನ್‌ನಲ್ಲಿ ಎರಡು ಮೂರು ಗಂಟೆ ಒಣಗಿಸಿ, ಪೂರ್ತಿ ಆರಿದ ಮೇಲೆ ಹಾಕಿ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಗೆ ಬಳಸುವ ಓವನ್‌ಗೆ ಹಾಕಬೇಡಿ. ಕಿತ್ತಳೆ ಬಣ್ಣದ್ದು ವಾಸಿ. ಜೆಲ್ ಫಿಲ್ಮಿಗೆ ನೇರ ತಾಗಬಾರದು, ಅದರ ಪುಡಿ ಗೀರುತ್ತದೆ.

ಇದೆಲ್ಲ ವಾಸನೆ ಇಲ್ಲದ ರೀಲಿಗೆ. ವಿನಿಗರ್ ವಾಸನೆಯದನ್ನು ಬಿಗಿ ಪೆಟ್ಟಿಗೆಯಲ್ಲಿ ಇಟ್ಟರೆ ಆವಿ ಒಳಗೇ ಉಳಿದು ಇನ್ನಷ್ಟು ಕೆಡಿಸುತ್ತದೆ. ಅದಕ್ಕೆ ಗಾಳಿಕಿಂಡಿ ಇರುವ ಡಬ್ಬಿ ಮತ್ತು ಡಿಹ್ಯುಮಿಡಿಫಯರ್ ಓಡುವ ಕೋಣೆ.

ನುಸಿಗುಳಿಗೆ ಹಾಕಿದರೆ?

ಬೇಡ. ಅದು ತೇವ ಹೀರುವುದಿಲ್ಲ.

ಅಜ್ಜನ ಕಾಲದ ಅಮೆರಿಕನ್ ಪ್ರೊಜೆಕ್ಟರ್ ಇದೆ. ಟ್ರಾನ್ಸ್‌ಫಾರ್ಮರ್ ಹಾಕಿದರೂ ಧ್ವನಿ ದಪ್ಪಗೆ, ಎಳೆದ ಹಾಗೆ.

ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110 ಮಾಡುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. 60 ಹರ್ಟ್ಜ್‌ಗೆ ಮಾಡಿದ ಮೋಟಾರು ನಮ್ಮ 50ರಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ. 24ರ ಬದಲು 20 ಫ್ರೇಮ್. ಫೇ ರೇ ಗಂಡು ದನಿಯಲ್ಲಿ ಕಿರುಚುತ್ತಾಳೆ, 63 ನಿಮಿಷದ ಚಿತ್ರ 75 ದಾಟುತ್ತದೆ. ಮೋಟಾರಿನ ಪುಲ್ಲಿಯನ್ನು 50 ಹರ್ಟ್ಜ್‌ನದಕ್ಕೆ ಬದಲಿಸಬೇಕು. ಕೆಲವು ಯಂತ್ರಗಳಲ್ಲಿ ಎರಡೂ ಪುಲ್ಲಿ ಒಟ್ಟಿಗೆ ಇರುತ್ತವೆ, ಬೆಲ್ಟ್ ಸರಿಸಿದರೆ ಆಯಿತು. ತಿರುಗುವ ವೇಗವನ್ನು ತಾನೇ ಹಿಡಿದಿಡುವ ಗವರ್ನರ್ ಮೋಟಾರಿದ್ದರೆ ಈ ತೊಂದರೆ ಇಲ್ಲ.

ಬಲ್ಬ್ ಹ್ಯಾಲೊಜೆನ್ ಆಗಿದ್ದರೆ (ಹೆಚ್ಚಾಗಿ 24 ವೋಲ್ಟ್, 250 ವಾಟ್) ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತ ಜಾಗ ಬಿಸಿಗೆ ಬೆಳ್ಳಗಾಗಿ ಒಡೆಯುತ್ತದೆ. ಆರಿಸಿದ ಮೇಲೆ ಐದು ನಿಮಿಷ ಫ್ಯಾನ್ ಓಡುತ್ತಿರಲಿ. ಪ್ರದರ್ಶನದ ದಿನ ಒಂದು ಬಲ್ಬ್, ಒಂದು ಬೆಲ್ಟ್, ಧ್ವನಿಯ ಎಕ್ಸೈಟರ್ ಬಲ್ಬ್ (ಧ್ವನಿಪಟ್ಟಿ ಓದಲು ಬೆಳಕು ಕೊಡುವ ಸಣ್ಣ ಬಲ್ಬ್) ಒಂದು, ಇವು ಹೆಚ್ಚುವರಿ ಇರಲೇಬೇಕು. ಚಿತ್ರ ಓಡುತ್ತಾ ಧ್ವನಿ ಮಾತ್ರ ಪೂರ್ತಿ ನಿಂತರೆ ಮೊದಲು ನೋಡಬೇಕಾದ್ದು ಎಕ್ಸೈಟರನ್ನೇ.

ತುಟಿ ಒಂದು ಕಡೆ, ಮಾತು ಒಂದು ಕಡೆ.

ಗೇಟಿನ ಕೆಳಗಿನ ಲೂಪ್ (ಫಿಲ್ಮ್ ಸಡಿಲವಾಗಿ ಬಾಗಿ ನಿಲ್ಲುವ ಸುತ್ತು) ಅಳತೆ ತಪ್ಪಿದೆ. ಲೂಪ್ ದೊಡ್ಡದಾದರೆ ಗೇಟಿನಿಂದ ಧ್ವನಿ ಉರುಳೆಗೆ 26 ಫ್ರೇಮಿಗಿಂತ ದೂರವಾಗಿ ಮಾತು ತಡವಾಗುತ್ತದೆ, ಚಿಕ್ಕದಾದರೆ ಬೇಗ ಬರುತ್ತದೆ. ಯಂತ್ರದ ಮೇಲೆ ಲೂಪಿನ ಗಾತ್ರದ ಗೆರೆ ಇರುತ್ತದೆ, ಅದಕ್ಕೆ ಹೊಂದಿಸಿ. ಚಿತ್ರ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಲೂಪ್ ಪೂರ್ತಿ ಹೋಗಿದೆ, ತಕ್ಷಣ ನಿಲ್ಲಿಸಿ, ಇಲ್ಲವಾದರೆ ತೂತುಗಳು ಸಾಲಾಗಿ ಕಿತ್ತುಬರುತ್ತವೆ. ಫಿಲ್ಮ್ ಹಾಕಿದ ಮೇಲೆ ಬಲ್ಬ್ ಹಚ್ಚುವ ಮೊದಲು ಕೈಗುಂಡಿಯಿಂದ ಒಂದೆರಡು ಸುತ್ತು ತಿರುಗಿಸಿ ನೋಡುವ ಅಭ್ಯಾಸ ಇರಲಿ. ಗೇಟಿನಲ್ಲಿ ಕೂತ ಕಸವನ್ನು ಬಿದಿರಿನ ಕಡ್ಡಿಯಿಂದ ತೆಗೆಯಿರಿ, ಸ್ಕ್ರೂಡ್ರೈವರ್ ಗೀರಿದರೆ ಆ ಗೀರು ಮುಂದೆ ಪ್ರತಿ ರೀಲಿಗೂ ಬೀಳುತ್ತದೆ.

ಐನ್‌ಮನೆಯಲ್ಲಿ (ಕೊಡವ ಕುಟುಂಬದ ಮೂಲಮನೆಯಲ್ಲಿ) ತೋರಿಸಬಹುದೇ?

ನೆಲ್ಲಕ್ಕಿ ನಡುಬಾಡೆಯ (ಹಿರಿಯರ ದೀಪ ಇರುವ ನಡುಮನೆಯ) ದೀಪ ಆರಿಸಿ ರಕ್ತಪಿಶಾಚಿಯ ಸಿನಿಮಾ ಹಾಕುವ ಯೋಚನೆಯನ್ನು ಮನೆಯ ಹಿರಿಯರ ಮುಂದೆ ಎತ್ತದಿರುವುದೇ ಒಳ್ಳೆಯದು. ಅಂಗಳ ಸಾಕಷ್ಟಿದೆ. ಮೇಲಿನ ಮಾಳಿಗೆಯ ಮರದ ಹಲಗೆ ನೆಲವೂ ಆಗದು, ಒಬ್ಬರು ಎದ್ದು ನಡೆದರೆ ಪರದೆಯ ಮೇಲೆ ಇಡೀ ಕ್ಲೈನ್‌ಶ್ಲಾಸ್ ನಡುಗುತ್ತದೆ.

ಅಂಗಳದಲ್ಲಾದರೆ ಡಿಸೆಂಬರ್‌ನಿಂದ ಮಾರ್ಚ್ ಸರಿಯಾದ ಕಾಲ. ಏಪ್ರಿಲ್-ಮೇಯ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಬೆಳಕಿನ ದಾರಿ ಹಿಡಿದು ನೇರ ಯಂತ್ರದೊಳಗೆ ಬೀಳುತ್ತವೆ. ಡಿಸೆಂಬರ್ ಜನವರಿಯಲ್ಲಿ ಮಂಜು ಇಳಿಯುವ ಮೊದಲು, ಏಳು ಗಂಟೆಗೇ ಶುರು ಮಾಡಿ. ತಂಪಿನಿಂದ ತಂದ ಲೆನ್ಸ್ ಮೇಲೆ ಹನಿ ಕೂತರೆ ಒರೆಸುವ ಬದಲು ಹತ್ತು ನಿಮಿಷ ಹಾಗೇ ಬಿಡಿ.

ಪರದೆ ಎಷ್ಟು ದೊಡ್ಡದಿರಬೇಕು?

ಲೆಕ್ಕ ಸುಲಭ: ಯಂತ್ರದಿಂದ ಪರದೆಗಿರುವ ದೂರವನ್ನು 9.65ರಿಂದ ಗುಣಿಸಿ, ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ. 30 ಅಡಿ ದೂರ, 50 ಎಂಎಂ ಲೆನ್ಸ್ ಆದರೆ ಚಿತ್ರದ ಅಗಲ 5.8 ಅಡಿ. 38 ಎಂಎಂ ಆದರೆ 7.6 ಅಡಿ. ದೊಡ್ಡದು ಮಾಡುವ ಆಸೆಗೆ ಬೀಳಬೇಡಿ. ಈ ಚಿತ್ರದ 16 ಎಂಎಂ ಪ್ರತಿಗಳು ಪ್ರತಿಯಿಂದ ತೆಗೆದ ಪ್ರತಿಗಳು, ನೆರಳೆಲ್ಲ ಇಂಗಾಲದ ಹಾಗೆ ಮುಚ್ಚಿಹೋಗಿರುತ್ತದೆ. ಪ್ರಯೋಗಾಲಯದ ಮೂಲೆಯಲ್ಲಿ ಏನಿದೆ ಎಂದು ಕಾಣಬೇಕಾದರೆ ಆರು ಅಡಿ ಮೀರಿಸಬಾರದು. ಒಂದೇ ಪದರದ ಬೆಡ್‌ಶೀಟ್ ಬೆಳಕನ್ನು ಆಚೆ ಬದಿಗೆ ಹಾಯಲು ಬಿಟ್ಟುಬಿಡುತ್ತದೆ. ಹೊಳಪಿಲ್ಲದ ಬಿಳಿ ಬಣ್ಣ ಬಳಿದ ಪ್ಲೈವುಡ್ ಅತ್ಯುತ್ತಮ. ಯಂತ್ರದ ಮುಂಗಾಲಿಗೆ ಪುಸ್ತಕ ಕೊಟ್ಟು ಎತ್ತಿದರೆ ಚಿತ್ರ ಮೇಲೆ ಅಗಲ, ಕೆಳಗೆ ಕಿರಿದು ಆಗುತ್ತದೆ, ಎತ್ತಬೇಕಾದ್ದು ಮೇಜನ್ನೇ.

ತಗಡಿನ ಮಾಡಿನ ಹಾಲ್. ಮಳೆ ಬಂದರೆ ಮಾತು ಕೇಳುವುದಿಲ್ಲ.

ಜೋರು ಮಳೆಯಲ್ಲಿ ತಗಡಿನ ಕೆಳಗೆ ಯಾವ ಸ್ಪೀಕರೂ ಗೆಲ್ಲದು, ಆ ದಿನ ಮುಂದೂಡಿ. ಸಾಧಾರಣ ಮಳೆಗೆ ಸ್ಪೀಕರನ್ನು ಪರದೆಯ ಪಕ್ಕ, ಕೂತವರ ತಲೆಯ ಎತ್ತರಕ್ಕಿಂತ ಒಂದಡಿ ಮೇಲೆ ಇಡಿ, ಯಂತ್ರದ ಹತ್ತಿರ ಬೇಡ. ಬಾಸ್ ತಗ್ಗಿಸಿ. ಹಿಂದಿನ ಗೋಡೆಗೆ ಕಂಬಳಿ ನೇತುಹಾಕಿದರೆ ಪ್ರತಿಧ್ವನಿ ಎಷ್ಟೋ ಇಳಿಯುತ್ತದೆ.

ಕರೆಂಟು ಹೋದರೆ?

250 ವಾಟ್ ಬಲ್ಬಿನ ಯಂತ್ರ ಒಟ್ಟು 400-500 ವಾಟ್ ಎಳೆಯುತ್ತದೆ, 1 ಕೆವಿಎ ಜನರೇಟರ್ ಸಾಕು. ಹಳೆಯ 750 ವಾಟ್ ಬಲ್ಬಿಗೆ 2 ಕೆವಿಎ. ಜನರೇಟರ್ ವೇಗ ಇಳಿದು 47 ಹರ್ಟ್ಜ್ ಆದರೆ ಧ್ವನಿಯೂ ಅಷ್ಟೇ ಕುಗ್ಗುತ್ತದೆ, ಮೊದಲೇ ಮೀಟರ್ ಹಿಡಿದು 50ಕ್ಕೆ ಹೊಂದಿಸಿ. ಇನ್‌ವರ್ಟರ್ ಆದರೆ ಪ್ಯೂರ್ ಸೈನ್ ವೇವ್ ಮಾತ್ರ, ಸ್ಕ್ವೇರ್ ವೇವ್‌ನದರಲ್ಲಿ ಸ್ಪೀಕರ್ ಗುಂಯ್ ಎನ್ನುತ್ತದೆ, ಮೋಟಾರು ಬಿಸಿಯಾಗುತ್ತದೆ. ನಡುವೆ ಕರೆಂಟು ಹೋದಾಗ ಮೊದಲು ಸ್ವಿಚ್ ಆರಿಸಿ. ಇಲ್ಲದಿದ್ದರೆ ಕರೆಂಟು ಬಂದಾಗ ಮೋಟಾರು ವೇಗ ಹಿಡಿಯುವ ಮೊದಲೇ ಬಲ್ಬ್ ಉರಿದು ನಿಂತ ಫ್ರೇಮ್ ಕರಗಬಹುದು.

ಇಂಟರ್ವಲ್ ಎಲ್ಲಿ ಕೊಡಬೇಕು?

ಒಂದೇ ಯಂತ್ರ ಇದ್ದರೆ ಮೊದಲ ರೀಲು ಮುಗಿದ ಕಡೆಯೇ, ಸುಮಾರು 33ನೇ ನಿಮಿಷ. ರೀಲು ಬದಲಿಸಿ ಗೇಟ್ ಒರೆಸಲು ನಾಲ್ಕು ನಿಮಿಷ ಸಾಕು, ಕಾಫಿಗೆ ಹತ್ತು ಕೊಡಿ. ಜನ ತಮ್ಮತಮ್ಮಲ್ಲೇ ಕೊಲೆಗಾರನನ್ನು ತೀರ್ಮಾನಿಸುವ ಹೊತ್ತು ಅದು.

ಇಂಗ್ಲಿಷ್ ಸರಿಯಾಗಿ ತಿಳಿಯದವರಿಗೆ ಏನು ಮಾಡುವುದು? ಮೈಕಿನಲ್ಲಿ ಕನ್ನಡ ಹೇಳಲೇ?

ಓಡುತ್ತಿರುವಾಗ ಹೇಳಿದರೆ ಹೇಳುವವರ ದನಿಯೇ ಸುಳಿವನ್ನು ಮುಚ್ಚುತ್ತದೆ. ಅರ್ಧ ಪುಟದ ಕನ್ನಡ ಚೀಟಿ ಹಂಚಿ: ಯಾರು ಯಾರು, ಯಾರಿಗೆ ಯಾರು ಏನಾಗಬೇಕು, ಮೊದಲ ಸಾವು ಆಗಲೇ ಆಗಿಹೋಗಿದೆ ಎಂಬುದು. ಸದಾ ಕಾಯಿಲೆಯ ಮಾತಾಡುವ ಚಿಕ್ಕಮ್ಮ ಗಸ್ಸಿ ನಗಿಸಲು ಇರುವವಳು, ಅವಳನ್ನು ಸಂಶಯಪಟ್ಟು ಸಮಯ ಕಳೆಯುವುದು ಬೇಡ ಎಂದೂ ಬರೆಯಬಹುದು. ಅದಕ್ಕಿಂತ ಹೆಚ್ಚು ಬರೆದರೆ ಆಟ ಕೆಡುತ್ತದೆ.

ಅನುಮತಿ ಬೇಕೇ?

ಭಾರತದಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ, ಆದ್ದರಿಂದ 1933ರ ಚಿತ್ರದ ಹಕ್ಕಿನ ಅವಧಿ ಎಂದೋ ಮುಗಿದಿದೆ. ಆದರೆ ಈಚೆಗೆ ಯಾರಾದರೂ ಸೇರಿಸಿದ ಹೊಸ ಸಂಗೀತ, ಸಬ್‌ಟೈಟಲ್, ವಿವರಣೆಗೆ ಅವರದೇ ಹಕ್ಕು ಇರುತ್ತದೆ. ಹಕ್ಕು ಒಂದು, ಸಾರ್ವಜನಿಕ ಪ್ರದರ್ಶನ ಇನ್ನೊಂದು. ಮನೆಯವರು, ನೆಂಟರು ಕೂತು ನೋಡುವುದು ಬೇರೆ. ಟಿಕೆಟ್ ಇಟ್ಟು ಅಥವಾ ಊರಿಗೆಲ್ಲ ಕರೆ ಕೊಟ್ಟು ತೋರಿಸುವುದಾದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಸೆನ್ಸಾರ್ ಪ್ರಮಾಣಪತ್ರ ಮತ್ತು ಸ್ಥಳದ ಪರವಾನಗಿಯ ಪ್ರಶ್ನೆ ಬರುತ್ತದೆ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಗೋಡೆಯ ಮೇಲೆ ಓಡುವಾಗ ಮೊಬೈಲಿನಲ್ಲಿ ಹಿಡಿದಿಟ್ಟರೆ ಪ್ರತಿ ಉಳಿಯುವುದಿಲ್ಲವೇ?

ಉಳಿಯುವುದು ಮಿಣಮಿಣ ಮಿನುಗುವ ಬೂದು ಚೌಕ. ಯಂತ್ರ 24 ಫ್ರೇಮ್, ಮೊಬೈಲು 30, ಎರಡರ ಲಯ ಕೂಡುವುದಿಲ್ಲ. ಫ್ರೇಮ್ ಫ್ರೇಮಾಗಿ 2ಕೆ (ಸುಮಾರು ಎರಡು ಸಾವಿರ ಪಿಕ್ಸೆಲ್ ಅಗಲದ) ಸ್ಕ್ಯಾನ್ ಮಾಡಿಸಿ, 16 ಎಂಎಂಗೆ ಅಷ್ಟು ಸಾಕು.

ನೆಟ್‌ನಲ್ಲೇ ಸಿಗುವ ಚಿತ್ರಕ್ಕೆ ಇಷ್ಟೆಲ್ಲ ಕಷ್ಟ ಯಾಕೆ?

ನೆಟ್‌ನಲ್ಲಿ ಬಿಟ್ಟಿ ಸಿಗುವ ಹೆಚ್ಚಿನವು ಇಂಥದೇ ಸವೆದ 16 ಎಂಎಂ ಪ್ರತಿಯಿಂದ ತೆಗೆದವು, ನಿಮ್ಮ ರೀಲು ಅವುಗಳಿಗಿಂತ ಚೆನ್ನಾಗಿರಲೂಬಹುದು. ಒಂದು ವಿಷಯದಲ್ಲಿ ಮಾತ್ರ ನಿಮ್ಮ ರೀಲು ಸೋಲುತ್ತದೆ. ಊರವರು ಹರ್ಮನ್‌ನನ್ನು ಗುಹೆಗೆ ಅಟ್ಟಿಸಿಕೊಂಡು ಹೋಗುವ ದೃಶ್ಯದಲ್ಲಿ ಅವರ ಕೈಯ ದೊಂದಿಗಳ ಉರಿಗೆ 1933ರ ಮೂಲ ಪ್ರತಿಗಳಲ್ಲಿ ಗುಸ್ತಾವ್ ಬ್ರಾಕ್ ಎಂಬ ಕಲಾವಿದರು ಕೈಯಿಂದಲೇ ಬಣ್ಣ ಹಚ್ಚಿದ್ದರು. ಕಪ್ಪು-ಬಿಳುಪಿನ 16 ಎಂಎಂಗೆ ಇಳಿಸಿದಾಗ ಆ ಬಣ್ಣ ಹೋಯಿತು. 2017ರಲ್ಲಿ ಹೊರಬಂದ ಪುನರುಜ್ಜೀವಿತ ಆವೃತ್ತಿಯಲ್ಲಿ ಅದನ್ನು ಮರಳಿ ತಂದಿದ್ದಾರೆ. ಎರಡೂ ಕೈಗೆ ಸಿಕ್ಕಿದರೆ ಸಂಜೆಗೆ ರೀಲು ತೋರಿಸಿ, ಮುಗಿದ ಮೇಲೆ ಆ ಒಂದು ದೃಶ್ಯವನ್ನು ಡಿಜಿಟಲ್‌ನಲ್ಲಿ ಹಾಕಿ. ರೀಲನ್ನು ಅಂದೇ ತಿರುಗಿ ಸುತ್ತಿಡುವುದು ಬೇಡ. ಓಡಿ ಮುಗಿದ ಸುತ್ತು ಸಮವಾಗಿ ಕೂತಿರುತ್ತದೆ, ಬಾಲ ಹೊರಗಿದ್ದಂತೆಯೇ ಡಬ್ಬಿಗೆ ಹಾಕಿ ‘ಬಾಲ ಹೊರಗೆ’ ಎಂದು ಚೀಟಿ ಅಂಟಿಸಿ, ಮುಂದಿನ ಪ್ರದರ್ಶನದ ಹಿಂದಿನ ದಿನ ತಿರುಗಿ ಸುತ್ತಿಕೊಂಡರೆ ಸಾಕು.